ಚಕ್ರದ ಮೇಲಿನ ಮನೆಯಲ್ಲಿ ನೀರಿನ ಲೆಕ್ಕ



ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಬಚ್ಚಲಿಗೆ ಸುರಿದರೆ ನೀರು ಹೋಗುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನಮ್ಮಲ್ಲಿ ಹೆಚ್ಚಿನವರು ಕೇಳುವುದಿಲ್ಲ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಹೊರಟು, ಪಂಪುಗಳ ಬಲದಿಂದ ಸುಮಾರು 500 ಮೀಟರ್ ಎತ್ತರ ಏರಿ ಬಂದದ್ದು. ಹಾಗೆ ಬಂದ ನೀರು ಮುಖ ತೊಳೆದ ಕ್ಷಣದಲ್ಲೇ ನಮ್ಮ ಪಾಲಿಗೆ ಮಾಯವಾಗುತ್ತದೆ. ಬಾವಿಯಿಂದ ಸೇದಿ ಕೊಡ ಹೊತ್ತು ತರುವವರಿಗೆ ನೀರಿನ ಭಾರ ಗೊತ್ತು. ನಲ್ಲಿಯ ಮುಂದೆ ನಿಂತವರಿಗೆ ಅದು ಮರೆತುಹೋಗಿದೆ.

ಈ ದಿನ ನಾವು ನೋಡಲಿರುವುದು ಹಾಗೆ ಮರೆಯಲು ಬಿಡದ ಒಂದು ಮನೆಯನ್ನು. ಅದು ಚಕ್ರದ ಮೇಲಿನ ಮನೆ. ಅಮೆರಿಕದಲ್ಲಿ ಇದಕ್ಕೆ ರಿಕ್ರಿಯೇಷನಲ್ ವೆಹಿಕಲ್, ಚಿಕ್ಕದಾಗಿ ಆರ್‌ವಿ ಎನ್ನುತ್ತಾರೆ. ಬಸ್ಸಿನಷ್ಟು ಅಥವಾ ವ್ಯಾನಿನಷ್ಟು ದೊಡ್ಡ ಈ ವಾಹನದೊಳಗೆ ಮಲಗುವ ಜಾಗ, ಅಡುಗೆಯ ಕಟ್ಟೆ, ಸ್ನಾನದ ಮೂಲೆ, ಶೌಚಾಲಯ ಎಲ್ಲವೂ ಇರುತ್ತವೆ. 1910ರಲ್ಲೇ ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯು ಕೈತೊಳೆಯುವ ತೊಟ್ಟಿಯೂ ಶೌಚಪಾತ್ರೆಯೂ ಇದ್ದ ಪ್ರವಾಸದ ಕಾರೊಂದನ್ನು ಪ್ರದರ್ಶಿಸಿತ್ತು. ಇಂದು ಅಮೆರಿಕ, ಕೆನಡಾ, ಯೂರೋಪು, ಆಸ್ಟ್ರೇಲಿಯಾಗಳಲ್ಲಿ ರಜೆ ಬಂದರೆ ಇಂಥ ವಾಹನವನ್ನು ಬಾಡಿಗೆಗೆ ಪಡೆದು ಹೊರಡುವ ಕುಟುಂಬಗಳು ಬಹಳ. ಅಲ್ಲಿ ನೆಲೆಸಿರುವ ನಮ್ಮ ಕನ್ನಡಿಗರೂ ಊರಿನಿಂದ ಬಂದ ತಂದೆತಾಯಿಗಳನ್ನು ಕೂರಿಸಿಕೊಂಡು ಹೀಗೆ ಹೊರಡುವುದುಂಟು.

ಹೊಸದಾಗಿ ಹೊರಟವರಿಗೆ ವಾಹನ ಓಡಿಸುವುದಕ್ಕಿಂತ ಹೆಚ್ಚು ಕಾಡುವುದು ಅದರ ನೀರಿನ ವ್ಯವಸ್ಥೆ. ಆದರೆ ನೀವು ಶಾಲೆಯಲ್ಲಿ ಕಲಿತ ವಿಜ್ಞಾನದಿಂದಲೇ ಇದನ್ನು ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಬಹುದು. ಒಂದೇ ಒಂದು ಮಾತನ್ನು ಮೊದಲು ನೆನಪಿನಲ್ಲಿಟ್ಟುಕೊಳ್ಳಿ: ನೀರು ಖರ್ಚಾಗುವುದಿಲ್ಲ, ಜಾಗ ಬದಲಾಯಿಸುತ್ತದೆ. ದ್ರವ್ಯರಾಶಿಯ ಸಂರಕ್ಷಣೆ ಎಂದು ನೀವು ಪರೀಕ್ಷೆಗೆ ಓದಿದ್ದು ಇದನ್ನೇ. ಉಳಿದದ್ದೆಲ್ಲ ಈ ಮಾತಿನಿಂದಲೇ ಹೊರಡುತ್ತದೆ.

ಮೂರು ತೊಟ್ಟಿಗಳು

ವಾಹನದ ನೆಲದ ಅಡಿಯಲ್ಲೋ ಮಂಚದ ಕೆಳಗೋ ಮೂರು ಪ್ಲಾಸ್ಟಿಕ್ ತೊಟ್ಟಿಗಳಿರುತ್ತವೆ. ಮೊದಲನೆಯದು ಸ್ವಚ್ಛ ನೀರಿನದು. ಎರಡನೆಯದಕ್ಕೆ ಬೂದು ನೀರಿನ ತೊಟ್ಟಿ ಎಂದು ಹೆಸರು. ಪಾತ್ರೆ, ಕೈ, ಮೈ ತೊಳೆದ ನೀರು ಅದಕ್ಕೆ ಸೇರುತ್ತದೆ. ಮೂರನೆಯದು ಕಪ್ಪು ನೀರಿನ ತೊಟ್ಟಿ. ಶೌಚಾಲಯದಿಂದ ಹೋದದ್ದೆಲ್ಲ ಅಲ್ಲಿಗೆ. ಬಣ್ಣಗಳು ಹೆಸರಿಗಷ್ಟೇ. ಯಾವುದು ಎಷ್ಟು ಅಪಾಯಕಾರಿ ಎಂಬುದನ್ನು ಅವು ನೆನಪಿಸುತ್ತವೆ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ, ತಾಯಿ, ಮಗಳು, ಊರಿನಿಂದ ಬಂದಿರುವ ಅಜ್ಜಿ, ಹೀಗೆ ನಾಲ್ವರು. ಅವರು ಹೊರಟಿರುವುದು ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ. 1872ರಲ್ಲಿ ಸ್ಥಾಪನೆಯಾದ ಈ ಉದ್ಯಾನ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದದ್ದು. ಅಲ್ಲಿ ವಾಹನ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡುಗಳು ಹಲವಿದ್ದರೂ ನೀರು, ವಿದ್ಯುತ್ತು, ಒಳಚರಂಡಿ ಈ ಮೂರರ ಸಂಪರ್ಕವೂ ವಾಹನಕ್ಕೆ ಸಿಗುವುದು ಫಿಶಿಂಗ್ ಬ್ರಿಜ್ ಎಂಬ ಒಂದೇ ತಾಣದಲ್ಲಿ. ಅಲ್ಲಿ ಜಾಗ ಸಿಗದವರು ಬೇರೆ ತಾಣಗಳಲ್ಲಿ ತಮ್ಮ ತೊಟ್ಟಿಗಳನ್ನೇ ನಂಬಿ ದಿನ ಕಳೆಯಬೇಕು. ನಮ್ಮ ಕುಟುಂಬವೂ ಹಾಗೆಯೇ ಎಂದಿಟ್ಟುಕೊಳ್ಳಿ.

ಅವರ ವಾಹನದ ಸ್ವಚ್ಛ ನೀರಿನ ತೊಟ್ಟಿ 150 ಲೀಟರಿನದು. ಬೂದು ತೊಟ್ಟಿ 120 ಲೀಟರಿನದು. ಕಪ್ಪು ತೊಟ್ಟಿ 100 ಲೀಟರಿನದು. ಮಧ್ಯಮ ಗಾತ್ರದ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಗಳಿವು. ಈಗ ಒಂದು ದಿನದ ಬಳಕೆಯನ್ನು ಕಾಗದದ ಮೇಲೆ ಬರೆಯಿರಿ. ಕುಡಿಯಲು ಮತ್ತು ಅಡುಗೆಗೆ 12 ಲೀಟರ್. ಪಾತ್ರೆ ತೊಳೆಯಲು 12. ಕೈ, ಮುಖ, ಹಲ್ಲು ಇವಕ್ಕೆ 12. ತಲೆಗೆ 8 ಲೀಟರಿನಂತೆ ಸ್ನಾನಕ್ಕೆ 32. ಶೌಚಾಲಯಕ್ಕೆ 20. ಒಟ್ಟು 88 ಲೀಟರ್, ಅಂದರೆ ತಲೆಗೆ 22 ಲೀಟರ್. ನಮ್ಮ ನಗರಗಳಲ್ಲಿ ಮನೆಗಳಿಗೆ ನೀರು ಒದಗಿಸುವಾಗ ಯೋಜನೆ ಹಾಕುವವರು ಹಿಡಿಯುವ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ಅದರ ಆರನೆಯ ಒಂದು ಪಾಲಿನಲ್ಲಿ ಈ ನಾಲ್ವರು ಬದುಕುತ್ತಿದ್ದಾರೆ. ಹಾಗಿದ್ದೂ ಎರಡನೆಯ ದಿನದ ಸಂಜೆಯ ಹೊತ್ತಿಗೆ 150 ಲೀಟರ್ ಮುಗಿದು ಪಂಪು ಬರಿಯ ಗಾಳಿಯನ್ನು ಎಳೆಯತೊಡಗುತ್ತದೆ.

ಇಷ್ಟಕ್ಕೆ ಹೆದರಬೇಕಾಗಿಲ್ಲ. ಕ್ಯಾಂಪ್‌ಗ್ರೌಂಡಿನಲ್ಲಿ ಕುಡಿಯುವ ನೀರಿನ ನಲ್ಲಿ ಇರುತ್ತದೆ. ಕ್ಯಾನಿನಲ್ಲಿ ತಂದು ತುಂಬಬಹುದು. ತೊಡಕು ಬರುವುದು ಇನ್ನೊಂದು ಕಡೆಯಿಂದ. ಪಾತ್ರೆ, ಕೈ, ಸ್ನಾನ ಸೇರಿ ದಿನಕ್ಕೆ 56 ಲೀಟರ್ ಬೂದು ತೊಟ್ಟಿಗೆ ಇಳಿದಿದೆ. ಎರಡು ದಿನಕ್ಕೆ 112. ತೊಟ್ಟಿ ಹಿಡಿಯುವುದು 120. ಮೂರನೆಯ ಬೆಳಗ್ಗೆ ಒಬ್ಬರು ಸ್ನಾನ ಮಾಡಿದರೆ ತೊಟ್ಟಿ ತುಂಬಿತು. ಇನ್ನೊಬ್ಬರು ನಿಂತರೆ ಸ್ನಾನದ ಮೂಲೆಯ ಜಾಲಿಯಿಂದ ಕೊಳೆನೀರು ಮೇಲಕ್ಕೆ ಉಕ್ಕುತ್ತದೆ. ಹೊಸಬರು ಸ್ವಚ್ಛ ನೀರು ಎಷ್ಟಿದೆ ಎಂದು ಮಾತ್ರ ನೋಡುತ್ತಾರೆ. ಅನುಭವಿಗಳು ಬೂದು ತೊಟ್ಟಿಯಲ್ಲಿ ಜಾಗ ಎಷ್ಟಿದೆ ಎಂದು ನೋಡುತ್ತಾರೆ. ನೀರು ತರುವುದು ಸುಲಭ, ಕಳಿಸುವುದು ಕಷ್ಟ.

ಹಾಗಾದರೆ ಬೂದು ನೀರನ್ನು ನೆಲಕ್ಕೆ ಬಿಟ್ಟರಾಯಿತಲ್ಲ ಎಂದು ನಿಮಗೆ ತೋರಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಗದಿಯಾದ ಜಾಗದ ಹೊರತು ವಾಹನದ ಕೊಳೆನೀರನ್ನು ಬಿಡುವುದು ಕಾನೂನಿಗೆ ವಿರುದ್ಧ. ಯೆಲ್ಲೊಸ್ಟೋನಿನಲ್ಲಿ ಇನ್ನೊಂದು ಕಾರಣವೂ ಇದೆ. ಪಾತ್ರೆ ತೊಳೆದ ನೀರಿನ ಅನ್ನದ ವಾಸನೆ ಕರಡಿಗಳನ್ನು ಕರೆತರುತ್ತದೆ. ಫಿಶಿಂಗ್ ಬ್ರಿಜ್ ತಾಣದಲ್ಲಿ ಬಟ್ಟೆಯ ಗುಡಾರಗಳಿಗೆ ಅವಕಾಶವಿಲ್ಲದಿರುವುದು ಈ ಕರಡಿಗಳ ಕಾರಣದಿಂದಲೇ.

ಭಾರ ಮತ್ತು ಒತ್ತಡ

ಒಂದು ಲೀಟರ್ ನೀರು ಎಂದರೆ ಒಂದು ಕಿಲೋಗ್ರಾಂ. ತುಂಬಿದ 150 ಲೀಟರಿನ ತೊಟ್ಟಿ ಎಂದರೆ ಇಬ್ಬರು ದೊಡ್ಡವರನ್ನು ಹೆಚ್ಚಿಗೆ ಕೂರಿಸಿಕೊಂಡಷ್ಟು ಭಾರ. ಪ್ರತಿ ವಾಹನಕ್ಕೂ ಇಷ್ಟೇ ಹೊರಬಹುದು ಎಂಬ ಮಿತಿಯಿದೆ. ದಾರಿಯ ಕೊನೆಯಲ್ಲಿ ನೀರು ಸಿಗುವುದು ಖಚಿತವಿದ್ದರೆ, ತಿಳಿದವರು ಅರ್ಧ ತೊಟ್ಟಿಯಷ್ಟೇ ತುಂಬಿಕೊಂಡು ಹೊರಡುತ್ತಾರೆ. ಬಳಸುತ್ತ ಹೋದಂತೆ ವಾಹನ ಹಗುರವಾಗುತ್ತದೆ ಎಂದು ಭಾವಿಸಬೇಡಿ. ಭಾರ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸರಿದಿರುತ್ತದೆ, ಅಷ್ಟೆ.

ಇನ್ನು ಒತ್ತಡದ ವಿಷಯ. ನಮ್ಮ ಮನೆಗಳಲ್ಲಿ ಸಂಪಿನ ನೀರನ್ನು ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಅಲ್ಲಿಂದ ಗುರುತ್ವಾಕರ್ಷಣೆಯೇ ಅದನ್ನು ಕೆಳಗೆ ತರುತ್ತದೆ. ಟ್ಯಾಂಕು ನಲ್ಲಿಗಿಂತ 7 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸಿಗುವ ಒತ್ತಡ ಚದರ ಇಂಚಿಗೆ ಸುಮಾರು 10 ಪೌಂಡು. ಕಾರಿನ ಟೈರಿಗೆ ಗಾಳಿ ಹಾಕಿಸುವಾಗ 30 ಎನ್ನುತ್ತಾರಲ್ಲ, ಅದೂ ಇದೇ ಅಳತೆ. ಆರ್‌ವಿಯಲ್ಲಿ ತೊಟ್ಟಿ ಕಾಲ ಕೆಳಗಿದೆ, ಎತ್ತರದ ಸಹಾಯವಿಲ್ಲ. ಆದ್ದರಿಂದ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ಪಂಪು ಇರುತ್ತದೆ. ಅದರೊಳಗಿನ ರಬ್ಬರಿನ ಪೊರೆ ಹಿಂದೆ ಮುಂದೆ ಆಡುತ್ತ ನೀರನ್ನು ತಳ್ಳುತ್ತದೆ. ನಲ್ಲಿ ಮುಚ್ಚಿದಾಗ ಕೊಳವೆಯಲ್ಲಿ ಒತ್ತಡ ಏರಿ, ಒಂದು ಮಟ್ಟ ಮುಟ್ಟಿದೊಡನೆ ಪಂಪು ತಾನೇ ನಿಲ್ಲುತ್ತದೆ. ನಲ್ಲಿ ತೆರೆದರೆ ಒತ್ತಡ ಇಳಿದು ಮತ್ತೆ ಶುರುವಾಗುತ್ತದೆ.

ಈ ಪಂಪು ಬ್ಯಾಟರಿಯನ್ನು ಬರಿದು ಮಾಡದೇ ಎಂದು ಹೊಸಬರು ಚಿಂತಿಸುತ್ತಾರೆ. ಲೆಕ್ಕ ಮಾಡಿ ನೋಡಿ. ಪಂಪು 7 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ, ನಿಮಿಷಕ್ಕೆ 10 ಲೀಟರ್ ಕೊಡುತ್ತದೆ ಎಂದು ಹಿಡಿಯೋಣ. 150 ಲೀಟರಿಗೆ 15 ನಿಮಿಷ, ಅಂದರೆ ಕಾಲು ಗಂಟೆ. ಏಳರ ಕಾಲು ಭಾಗ ಎಂದರೆ ಎರಡು ಆಂಪಿಯರ್-ಗಂಟೆಗಿಂತ ಕಡಿಮೆ. ಬ್ಯಾಟರಿಯ ಸಾಮರ್ಥ್ಯ 100 ಆಂಪಿಯರ್-ಗಂಟೆ ಇದ್ದರೆ ನೂರಕ್ಕೆ ಎರಡು ಪಾಲೂ ಹೋಗಲಿಲ್ಲ.

ಪಂಪಿನ ಸದ್ದನ್ನು ಕಿವಿಗೊಟ್ಟು ಕೇಳುವುದು ಒಳ್ಳೆಯ ಅಭ್ಯಾಸ. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ನಡುರಾತ್ರಿ ಅದು ಗುರ್ರೆಂದು ಒಂದು ಕ್ಷಣ ಓಡಿ ನಿಂತರೆ, ಕೊಳವೆಯ ಒತ್ತಡ ಎಲ್ಲೋ ಇಳಿಯುತ್ತಿದೆ ಎಂದರ್ಥ. ಎಲ್ಲೋ ಸೋರಿಕೆಯಿದೆ, ಇಲ್ಲವೇ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಪಂಪಿನ ವಾಲ್ವ್ ಕೆಟ್ಟಿದೆ. ವಾಹನ ಬಿಟ್ಟು ತಿರುಗಾಡಲು ಹೋಗುವಾಗ ಮತ್ತು ಮಲಗುವಾಗ ಪಂಪಿನ ಸ್ವಿಚ್ಚು ಆರಿಸಬೇಕು. ಹಾಗೆ ಮಾಡಿದರೆ ಕೊಳವೆ ಬಿಚ್ಚಿಕೊಂಡರೂ ನೆಲವೆಲ್ಲ ಕೆರೆಯಾಗುವುದು ತಪ್ಪುತ್ತದೆ.

ನೀರಿನ ಸಂಪರ್ಕವಿರುವ ತಾಣದಲ್ಲಿ ಪಂಪು ಬೇಕಿಲ್ಲ. ಅಲ್ಲಿನ ನಲ್ಲಿಯಿಂದ ಹೋಸ್ ಪೈಪನ್ನು ವಾಹನದ ಹೊರಮೈಯಲ್ಲಿರುವ ಬಾಯಿಗೆ ಸೇರಿಸಿದರೆ ಒಳಗಿನ ನಲ್ಲಿಗಳಿಗೆ ನೇರವಾಗಿ ನೀರು ಬರುತ್ತದೆ. ವಾಹನಕ್ಕೆ ಸಾಮಾನ್ಯವಾಗಿ ಇಂಥ ಎರಡು ಬಾಯಿಗಳಿರುತ್ತವೆ. ಒಂದು ತೊಟ್ಟಿ ತುಂಬಲು, ಇನ್ನೊಂದು ಈ ನೇರ ಸಂಪರ್ಕಕ್ಕೆ. ಮೇಲಿನ ಬರಹ ಓದಿ ಸೇರಿಸಬೇಕು. ನೇರ ಸಂಪರ್ಕದಲ್ಲಿ ಒಂದು ಅಪಾಯವಿದೆ. ಕೆಲವು ತಾಣಗಳಲ್ಲಿ ಒತ್ತಡ ಚದರ ಇಂಚಿಗೆ 80 ಪೌಂಡನ್ನೂ ದಾಟುತ್ತದೆ. ವಾಹನದೊಳಗಿನ ತೆಳು ಕೊಳವೆಗಳ ಕೀಲುಗಳು ಅದಕ್ಕೆ ಬಿಚ್ಚಿಕೊಳ್ಳಬಹುದು. ಆದ್ದರಿಂದ ನಲ್ಲಿಯ ಬಾಯಿಗೆ ಮೊದಲು ಒತ್ತಡ ನಿಯಂತ್ರಕ ಎಂಬ ಹಿತ್ತಾಳೆಯ ಚಿಕ್ಕ ಸಾಧನವನ್ನು ತಿರುಗಿಸಿ, ಅದರ ಮುಂದೆ ಹೋಸ್ ಪೈಪ್ ಹಾಕುತ್ತಾರೆ. ಅದು ಒತ್ತಡವನ್ನು 40ರಿಂದ 50ರೊಳಗೆ ಇಳಿಸಿ ಕೊಡುತ್ತದೆ. ಅಷ್ಟೂ ಕಡಿಮೆಯೇನಲ್ಲ. 45 ಪೌಂಡು ಎಂದರೆ ಸುಮಾರು ಹತ್ತು ಅಂತಸ್ತಿನ ಕಟ್ಟಡದ ತುದಿಯಲ್ಲಿ ಟ್ಯಾಂಕು ಇಟ್ಟ ಹಾಗೆ.

ತೊಟ್ಟಿಯನ್ನು ಶುದ್ಧ ಮಾಡುವ ಕ್ರಮ

ತಿಂಗಳುಗಟ್ಟಲೆ ನಿಂತಿದ್ದ ವಾಹನದ ತೊಟ್ಟಿಯ ಗೋಡೆಗೆ ಲೋಳೆಯಂಥ ಪೊರೆ ಕಟ್ಟಿರುತ್ತದೆ. ಅದು ಸೂಕ್ಷ್ಮಜೀವಿಗಳ ವಸತಿ. ಪ್ರವಾಸಕ್ಕೆ ಮೊದಲು ಅದನ್ನು ಕ್ಲೋರಿನ್ನಿನಿಂದ ಶುದ್ಧ ಮಾಡಬೇಕು. ಬಟ್ಟೆಗೆ ಹಾಕುವ, ಸುವಾಸನೆ ಸೇರಿಸದ ಸಾಧಾರಣ ಬ್ಲೀಚ್ ದ್ರಾವಣ ಸಾಕು. ತೊಟ್ಟಿಯ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಇರುವಂತೆ ಮಾಡುವುದು ಗುರಿ.

ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. 150 ಲೀಟರಿಗೆ 50 ಮಿಲಿಗ್ರಾಮಿನಂತೆ 7,500 ಮಿಲಿಗ್ರಾಂ, ಅಂದರೆ ಏಳೂವರೆ ಗ್ರಾಂ. ಶೇಕಡಾ 5ರ ಬ್ಲೀಚ್ ದ್ರಾವಣದ ಒಂದು ಲೀಟರಿನಲ್ಲಿ 50 ಗ್ರಾಂ ಇರುತ್ತದೆ. ಆದ್ದರಿಂದ 150 ಮಿಲಿಲೀಟರ್ ದ್ರಾವಣ ಬೇಕು. ಅಂಗಡಿಯಲ್ಲಿ ಈಗ ಶೇಕಡಾ 7.5ರಷ್ಟು ಗಟ್ಟಿಯಾದವೂ ಸಿಗುತ್ತವೆ. ಅದಾದರೆ 100 ಮಿಲಿಲೀಟರ್ ಸಾಕು. ಶೀಶೆಯ ಮೇಲಿನ ಅಂಕಿಯನ್ನು ಓದದೆ ಕಣ್ಣಂದಾಜಿನಲ್ಲಿ ಸುರಿಯಬಾರದು.

ದ್ರಾವಣವನ್ನು ಮೊದಲು ಒಂದು ಬಕೆಟ್ ನೀರಿನಲ್ಲಿ ಬೆರೆಸಿ ತೊಟ್ಟಿಗೆ ಹಾಕಿ, ಮೇಲೆ ನೀರು ತುಂಬಬೇಕು. ಕೊಳವೆಯಲ್ಲಿ ಶೋಧಕವಿದ್ದರೆ ತೆಗೆದಿಡಬೇಕು. ಪಂಪು ನಡೆಸಿ ಒಂದೊಂದೇ ನಲ್ಲಿಯನ್ನು ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಬೇಕು. ಆಗ ಕೊಳವೆಗಳ ಒಳಗೂ ದ್ರಾವಣ ತಲುಪುತ್ತದೆ. ಕಡಿಮೆಯೆಂದರೆ ನಾಲ್ಕು ಗಂಟೆ ಹಾಗೇ ಬಿಟ್ಟು, ಎಲ್ಲವನ್ನೂ ಹೊರಬಿಟ್ಟು, ವಾಸನೆ ಹೋಗುವವರೆಗೆ ಹೊಸ ನೀರಿನಿಂದ ತೊಳೆಯಬೇಕು. ಅಮೆರಿಕದಲ್ಲಿ ಕುಡಿಯುವ ನೀರಿನ ಕ್ಲೋರಿನ್ನಿಗೆ ಇರುವ ಮಿತಿ ಲೀಟರಿಗೆ 4 ಮಿಲಿಗ್ರಾಂ. ತೊಟ್ಟಿಗೆ ಹಾಕಿದ್ದು ಅದರ ಹನ್ನೆರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಅದು ತೊಳೆಯುವ ನೀರು, ಕುಡಿಯುವ ನೀರಲ್ಲ. ಬ್ಲೀಚಿಗೆ ಆಮ್ಲವನ್ನಾಗಲಿ ಅಮೋನಿಯಾ ಇರುವ ಪದಾರ್ಥವನ್ನಾಗಲಿ ಎಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ. ಈ ಎಚ್ಚರಿಕೆ ನಿಮ್ಮ ಮನೆಯ ಬಚ್ಚಲಿಗೂ ಅನ್ವಯಿಸುತ್ತದೆ.

ಬಿಸಿನೀರಿನ ಪಾತ್ರೆಯ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಅದು 23 ಲೀಟರಿನ ಚಿಕ್ಕ ಉರುಳೆ. ಅಡುಗೆ ಅನಿಲದಿಂದಲೋ ವಿದ್ಯುತ್ತಿನಿಂದಲೋ ಕಾಯುತ್ತದೆ. ಖಾಲಿ ಇರುವಾಗ ವಿದ್ಯುತ್ ಹಾಕಿದರೆ ಒಳಗಿನ ಕಾಯಿಲ್ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿ ತೆರೆದು, ಗಾಳಿಯ ಉಸಿರಾಟ ನಿಂತು ನೀರು ಒಂದೇ ಸಮನೆ ಬಂದ ಮೇಲೆಯೇ ಹಾಕಬೇಕು. ಒಳಗೆ ಉಕ್ಕಿನ ಪಾತ್ರೆಯಿದ್ದರೆ ಅದರಲ್ಲಿ ಮೆಗ್ನೀಸಿಯಮ್ ಸರಳೊಂದನ್ನು ಇಳಿಬಿಟ್ಟಿರುತ್ತಾರೆ. ಉಕ್ಕಿಗಿಂತ ಬೇಗ ಸವೆಯುವ ಗುಣ ಮೆಗ್ನೀಸಿಯಮ್ಮಿಗಿದೆ. ತಾನು ಕರಗಿ ಪಾತ್ರೆಯನ್ನು ಕಾಪಾಡುತ್ತದೆ. ಸರಳು ಸವೆದಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದು ತಿಳಿದು ಹೊಸದನ್ನು ಹಾಕಬೇಕು.

ಬಚ್ಚಲಿನ ಆಚೆ

ಸ್ನಾನಕ್ಕೆ ತಲೆಗೆ 8 ಲೀಟರ್ ಎಂದೆವಲ್ಲ, ಅದು ಸಾಧ್ಯವೇ? ಪಂಪು ನಿಮಿಷಕ್ಕೆ 10 ಲೀಟರ್ ಕೊಡುವುದಾದರೆ ಐದು ನಿಮಿಷದ ಸ್ನಾನಕ್ಕೆ 50 ಲೀಟರ್ ಬೇಕು. ಆದರೆ ಮೈ ನೆನೆಸಿ ನಲ್ಲಿ ಮುಚ್ಚಿ, ಸೋಪು ಹಚ್ಚಿಕೊಂಡು, ಮತ್ತೆ ತೆರೆದು ತೊಳೆದುಕೊಂಡರೆ ಒಂದು ನಿಮಿಷವೂ ನೀರು ಓಡುವುದಿಲ್ಲ. ಹಡಗುಗಳ ನಾವಿಕರು ಬಳಸುವ ಕ್ರಮವಿದು. ಬಕೆಟ್ಟು, ಚೊಂಬು ಹಿಡಿದು ಬೆಳೆದ ನಮ್ಮ ಕುಟುಂಬದ ಅಜ್ಜಿಗೆ ಇದನ್ನು ಯಾರೂ ಕಲಿಸಬೇಕಾಗುವುದಿಲ್ಲ. ಶವರಿನಡಿ ನಿಲ್ಲುವ ಮೊಮ್ಮಗಳಿಗೆ ಅಜ್ಜಿಯೇ ಕಲಿಸಬಹುದು.

ಪ್ರತಿ ಬಚ್ಚಲಿನ ಕೆಳಗೆ ಕೊಳವೆ ಬಾಗಿ ಮತ್ತೆ ಏರುತ್ತದೆ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು, ತೊಟ್ಟಿಯ ದುರ್ವಾಸನೆ ಒಳಗೆ ಬಾರದಂತೆ ಬೆಣೆಯಾಗಿರುತ್ತದೆ. ವಾಹನ ಬಹುದಿನ ನಿಂತರೆ ಈ ನೀರು ಆವಿಯಾಗಿ ವಾಸನೆ ಒಳನುಗ್ಗುತ್ತದೆ. ಆಗ ಒಂದು ಲೋಟ ನೀರು ಸುರಿದರೆ ಸಾಕು. ನಿಮ್ಮ ಮನೆಯ ಬಚ್ಚಲು ಬೇಸಿಗೆ ರಜೆಯಿಂದ ಮರಳಿದ ದಿನ ನಾರುವುದಕ್ಕೂ ಇದೇ ಕಾರಣ.

ಈಗ ಕಪ್ಪು ತೊಟ್ಟಿಗೆ ಬರೋಣ. ಮಾತಾಡಲು ಸಂಕೋಚವೆನಿಸಿದರೂ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾದಿಂದ 600ಕ್ಕೂ ಹೆಚ್ಚು ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸಿ, ಅವರಲ್ಲಿ ಹೆಚ್ಚಿನವರು ಒಂದೇ ಕೈಪಂಪಿನ ನೀರು ಕುಡಿದವರು ಎಂದು ತೋರಿಸಿದರು. ಪಂಪಿನ ಹಿಡಿಕೆಯನ್ನು ತೆಗೆಸಲಾಯಿತು. ಮರುವರ್ಷ ಅಗೆದು ನೋಡಿದಾಗ, ಬಾವಿಯಿಂದ ಒಂದು ಮೀಟರ್ ದೂರವೂ ಇಲ್ಲದ ಮಲಗುಂಡಿಯೊಂದರ ಇಟ್ಟಿಗೆಗಳು ಸಡಿಲಾಗಿ ಕೊಳೆ ಬಾವಿಯತ್ತ ಜಿನುಗುತ್ತಿದ್ದುದು ಕಂಡಿತು. ಆರ್‌ವಿಯ ಸ್ವಚ್ಛ ತೊಟ್ಟಿಗೂ ಕಪ್ಪು ತೊಟ್ಟಿಗೂ ನಡುವೆ ಇರುವ ಅಂತರವೂ ಕೆಲವೇ ಅಡಿ. ಅವೆರಡನ್ನೂ ಬೇರೆಯಾಗಿ ಇಡುವುದು ಅರ್ಧ ತೊಟ್ಟಿಯ ಗೋಡೆಯ ಕೆಲಸ, ಇನ್ನರ್ಧ ಬಳಸುವವರ ಕೈಯ ಕೆಲಸ.

ಕಪ್ಪು ತೊಟ್ಟಿಯ ಹೊರಬಾಯಿಯ ವಾಲ್ವನ್ನು ಸದಾ ಮುಚ್ಚಿಯೇ ಇಡಬೇಕು. ಒಳಚರಂಡಿ ಸಂಪರ್ಕವಿದೆ ಎಂದು ತೆರೆದಿಟ್ಟರೆ ದ್ರವವೆಲ್ಲ ಹರಿದುಹೋಗಿ ಘನ ಮಾತ್ರ ತಳದಲ್ಲಿ ಗುಡ್ಡೆ ಕಟ್ಟಿ ಒಣಗುತ್ತದೆ. ಆಮೇಲೆ ಅದನ್ನು ತೆಗೆಯುವುದು ದೊಡ್ಡ ಸಾಹಸ. ತೊಟ್ಟಿ ಮೂರನೆಯ ಎರಡು ಭಾಗ ತುಂಬಿದ ಮೇಲೆ ಒಮ್ಮೆಲೇ ಬಿಟ್ಟರೆ ಹರಿವಿನ ರಭಸವೇ ಎಲ್ಲವನ್ನೂ ಎಳೆದೊಯ್ಯುತ್ತದೆ. ಅಲ್ಲಿನವರು ಬಳಸುವ ಕಾಗದ ನೀರಿನಲ್ಲಿ ಬೇಗ ಕರಗುವಂಥದ್ದಾಗಿರಬೇಕು. ಒಂದು ಚೂರನ್ನು ನೀರಿನ ಶೀಶೆಗೆ ಹಾಕಿ ಅಲುಗಾಡಿಸಿದರೆ ತಿಳಿಯುತ್ತದೆ. ನಮ್ಮವರು ಚೊಂಬಿನಲ್ಲಿ ನೀರು ಬಳಸುವುದರಿಂದ ತೊಟ್ಟಿ ಸ್ವಲ್ಪ ಬೇಗ ತುಂಬುತ್ತದೆ, ನಿಜ. ಆದರೆ ಹರಿವಿಗೆ ಆ ನೀರು ಉಪಕಾರಿಯೇ.

ತೊಟ್ಟಿ ಎಷ್ಟು ತುಂಬಿದೆ ಎಂದು ಗೋಡೆಯ ಮೇಲಿನ ಸಾಲು ದೀಪಗಳು ತೋರಿಸುತ್ತವೆ. ತೊಟ್ಟಿಯ ಪಕ್ಕದಲ್ಲಿ ಬೇರೆ ಬೇರೆ ಎತ್ತರಕ್ಕೆ ಲೋಹದ ಮೊಳೆಗಳಿರುತ್ತವೆ. ಲವಣ ಕರಗಿದ ನೀರು ವಿದ್ಯುದ್ವಾಹಕವಾದ್ದರಿಂದ, ನೀರು ಮೊಳೆಯನ್ನು ಮುಟ್ಟಿದಾಗ ಸಣ್ಣ ವಿದ್ಯುತ್ತು ಹರಿದು ದೀಪ ಹೊತ್ತುತ್ತದೆ. ಆದರೆ ಜಿಡ್ಡೋ ಕಾಗದವೋ ಮೊಳೆಗಳಿಗೆ ಅಂಟಿಕೊಂಡರೆ ಖಾಲಿ ತೊಟ್ಟಿಯೂ ತುಂಬಿದೆ ಎಂದು ತೋರುತ್ತದೆ. ಆದ್ದರಿಂದ ದೀಪವನ್ನು ಪೂರ್ತಿ ನಂಬದೆ, ದಿನದ ಬಳಕೆಯನ್ನು ಒಂದು ಚೀಟಿಯಲ್ಲಿ ಬರೆದಿಡುವುದು ಮೇಲು.

ಖಾಲಿ ಮಾಡುವ ಜಾಗಕ್ಕೆ ಡಂಪ್ ಸ್ಟೇಷನ್ ಎಂದು ಹೆಸರು. ಕ್ರಮ ಹೀಗಿದೆ. ಕೈಗವಸು ತೊಟ್ಟು ದಪ್ಪ ಕೊಳವೆಯನ್ನು ವಾಹನಕ್ಕೂ ನೆಲದ ಗುಂಡಿಗೂ ಭದ್ರವಾಗಿ ಸೇರಿಸಬೇಕು. ಮೊದಲು ಕಪ್ಪು ತೊಟ್ಟಿಯ ವಾಲ್ವ್ ತೆರೆದು ಖಾಲಿಯಾದ ಮೇಲೆ ಮುಚ್ಚಬೇಕು. ಅನಂತರ ಬೂದು ತೊಟ್ಟಿಯನ್ನು ಬಿಡಬೇಕು. ಸೋಪಿನ ನೀರು ಅದೇ ಕೊಳವೆಯಲ್ಲಿ ಹಾದು ಅದನ್ನು ತೊಳೆದು ಹೋಗುತ್ತದೆ. ಕ್ರಮ ತಿರುಗು ಮುರುಗಾದರೆ ಕೊಳವೆ ಹೊಲಸಾಗಿಯೇ ಉಳಿಯುತ್ತದೆ. ಕೊಳವೆ ತೊಳೆಯಲು ಅಲ್ಲೇ ಒಂದು ನಲ್ಲಿ ಇರುತ್ತದೆ; ಅದರ ನೀರು ಕುಡಿಯಲು ಯೋಗ್ಯವಲ್ಲ ಎಂಬ ಫಲಕವನ್ನು ಗಮನಿಸಬೇಕು. ಅದಕ್ಕೆ ಬಳಸುವ ಹೋಸ್ ಪೈಪು ಬೇರೆ, ಕುಡಿಯುವ ನೀರಿನ ಬಿಳಿ ಹೋಸ್ ಪೈಪು ಬೇರೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಲೂಬಾರದು. ಕೈಗವಸು ಕಳಚಿ, ಸೋಪಿನಿಂದ ಕೈ ತೊಳೆದ ಮೇಲೆಯೇ ಕುಡಿಯುವ ನೀರಿನ ನಲ್ಲಿಯನ್ನು ಮುಟ್ಟಬೇಕು. ಇಲ್ಲಿ ಒಂದು ನಿಮಿಷದ ಅವಸರ ಮನೆಮಂದಿಗೆಲ್ಲ ವಾಂತಿಭೇದಿಯಾಗಿ ಮರಳಬಹುದು.

ಚಳಿ ಎಂಬ ಶತ್ರು

ಯೆಲ್ಲೊಸ್ಟೋನ್ ಸರೋವರ ಇರುವುದು ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಶಿಖರ 1,930 ಮೀಟರ್. ಅಲ್ಲಿ ವರ್ಷದ ಯಾವ ತಿಂಗಳಿನಲ್ಲಾದರೂ ರಾತ್ರಿ ತಾಪ ಸೊನ್ನೆಗಿಂತ ಕೆಳಗೆ ಇಳಿಯಬಹುದು. ಬಹುತೇಕ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ. ನೀರು ಮಾತ್ರ ಹಿಗ್ಗುತ್ತದೆ. ನೂರು ಪಾಲು ನೀರು ಸುಮಾರು ನೂರ ಒಂಬತ್ತು ಪಾಲು ಮಂಜುಗಡ್ಡೆಯಾಗುತ್ತದೆ. ಮುಚ್ಚಿದ ಕೊಳವೆಯಲ್ಲಿ ಆ ಒಂಬತ್ತು ಪಾಲಿಗೆ ಜಾಗವಿಲ್ಲ. ಕೊಳವೆಯೋ ಪಂಪೋ ಬಿರಿಯುತ್ತದೆ. ಮಂಜು ಕರಗಿ ನೀರು ಸುರಿಯುವವರೆಗೆ ಬಿರುಕು ಕಾಣುವುದೂ ಇಲ್ಲ.

ಒಂದೆರಡು ರಾತ್ರಿಯ ಚಳಿಯಾದರೆ ಹೊರಗಿನ ಹೋಸ್ ಪೈಪನ್ನು ಕಳಚಿ ಬಸಿದಿಟ್ಟು, ತೊಟ್ಟಿಯ ನೀರನ್ನೇ ಬಳಸಿ, ಬಚ್ಚಲಿನ ಕೆಳಗಿನ ಕಪಾಟಿನ ಬಾಗಿಲುಗಳನ್ನು ತೆರೆದು ಒಳಗಿನ ಬಿಸಿಗಾಳಿ ಕೊಳವೆಗಳಿಗೆ ತಾಗುವಂತೆ ಮಾಡುತ್ತಾರೆ. ಚಳಿಗಾಲವಿಡೀ ವಾಹನ ನಿಲ್ಲಿಸುವುದಾದರೆ ನೀರನ್ನೆಲ್ಲ ಬಸಿದು, ಬಿಸಿನೀರಿನ ಪಾತ್ರೆಯನ್ನು ಬಳಸುದಾರಿಯ ವಾಲ್ವಿನಿಂದ ಬೇರ್ಪಡಿಸಿ, ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ದ್ರವವನ್ನು ಪಂಪಿನಿಂದ ಕೊಳವೆಗಳಿಗೆ ಎಳೆಸುತ್ತಾರೆ. ಪ್ರತಿ ನಲ್ಲಿಯಲ್ಲೂ ಗುಲಾಬಿ ಬಣ್ಣ ಕಂಡರೆ ಕೆಲಸ ಮುಗಿಯಿತು. ಬಚ್ಚಲಿನ ಬಾಗುಗಳಿಗೂ ಸ್ವಲ್ಪ ಸುರಿಯುತ್ತಾರೆ. ಇದಕ್ಕೆ ಬದಲಾಗಿ ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲನ್ನು ಎಂದೂ ಹಾಕಬಾರದು. ಹೆಸರು ಹತ್ತಿರದ್ದಾದರೂ ಅದು ವಿಷ.

ನಿಮಗೊಂದು ಕೆಲಸ

ಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ಇಂಥ ವಾಹನವನ್ನು ನಡೆಸಬಹುದು. ಹಲವರು ಅದನ್ನು ನೋಡದೆಯೂ ಇರಬಹುದು. ಆದರೆ ಅದರ ಮೂರು ತೊಟ್ಟಿಗಳು ನಿಮ್ಮ ಊರಿನಲ್ಲೂ ಇವೆ. ಸ್ವಚ್ಛ ನೀರಿನ ತೊಟ್ಟಿ ಕೆರೆಯೋ ನದಿಯೋ ಕೊಳವೆ ಬಾವಿಯೋ ಆಗಿರುತ್ತದೆ. ಬೂದು ಮತ್ತು ಕಪ್ಪು ನೀರಿಗೆ ಚರಂಡಿ, ರಾಜಕಾಲುವೆ, ಮತ್ತೆ ಅದೇ ಕೆರೆ. ಗೋಡೆ ದೂರದಲ್ಲಿರುವುದರಿಂದ ಕಾಣುವುದಿಲ್ಲ, ಅಷ್ಟೆ.

ಈ ವಾರ ಒಂದು ಭಾನುವಾರ ಹೀಗೆ ಮಾಡಿ. ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ಬಳಸುವ ನೀರನ್ನೆಲ್ಲ ಅಳತೆ ತಿಳಿದ ಒಂದು ಬಕೆಟ್ಟಿನಿಂದಲೇ ತೆಗೆದುಕೊಳ್ಳಿ. ಕುಡಿಯಲು, ಅಡುಗೆಗೆ, ಪಾತ್ರೆಗೆ, ಸ್ನಾನಕ್ಕೆ, ಬಟ್ಟೆಗೆ, ಶೌಚಕ್ಕೆ ಎಷ್ಟೆಷ್ಟು ಎಂದು ಒಂದು ಹಾಳೆಯ ಎಡಭಾಗದಲ್ಲಿ ಬರೆಯಿರಿ. ಬಲಭಾಗದಲ್ಲಿ ಆ ನೀರು ಎಲ್ಲಿಗೆ ಹೋಯಿತು ಎಂದು ಬರೆಯಿರಿ: ಗಿಡಕ್ಕೋ, ಚರಂಡಿಗೋ, ಇಂಗುಗುಂಡಿಗೋ. ಬಲಭಾಗವನ್ನು ತುಂಬಲು ಅಮ್ಮನನ್ನೋ ಅಪ್ಪನನ್ನೋ, ಬೇಕಾದರೆ ಪಂಚಾಯಿತಿ ಅಥವಾ ನಗರಸಭೆಯ ಕಚೇರಿಯವರನ್ನೋ ಕೇಳಿ. ಒಟ್ಟನ್ನು ಮನೆಯ ಜನರ ಸಂಖ್ಯೆಯಿಂದ ಭಾಗಿಸಿ, 22 ಮತ್ತು 135 ಈ ಎರಡು ಅಂಕಿಗಳ ನಡುವೆ ನಿಮ್ಮ ಮನೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಸೋಮವಾರ ಹಾಳೆಯನ್ನು ತರಗತಿಗೆ ಒಯ್ದು ಗೆಳೆಯರ ಹಾಳೆಯ ಪಕ್ಕದಲ್ಲಿಟ್ಟು ಹೋಲಿಸಿ. ಎಡಭಾಗದ ಮೊತ್ತಕ್ಕೂ ಬಲಭಾಗದ ಮೊತ್ತಕ್ಕೂ ತಾಳೆಯಾಗದಿದ್ದರೆ, ಉಳಿದ ನೀರು ಎಲ್ಲಿಗೆ ಹೋಯಿತು ಎಂದು ಹುಡುಕಿ. ಸೋರುವ ನಲ್ಲಿ ಸಿಕ್ಕರೆ ಅಂದೇ ವಾಷರ್ ಬದಲಾಯಿಸಿ.